ಮಡಕೆಯ ಮೇಲಿಟ್ಟ ಸ್ಪೀಕರು: ನಮ್ಮ ಮನೆಗಳ ಸ್ಟೀರಿಯೋ ಚರಿತ್ರೆ

ಬ್ಯಾರಿಗಳ ಚರಿತ್ರೆ ಎಂದರೆ ಹಡಗು, ಬಂದರು, ಮಸೀದಿ, ವ್ಯಾಪಾರ ಎಂದೇ ನಾವು ಓದಿಕೊಂಡು ಬಂದದ್ದು. ಅದು ಇರಬೇಕಾದದ್ದೇ. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಳೇ ಮನೆಗಳ ಅಟ್ಟಕ್ಕೆ ಹತ್ತಿದರೆ ಇನ್ನೊಂದು ಚರಿತ್ರೆ ಕೈಗೆ ಸಿಗುತ್ತದೆ. ಬೆಲ್ಟು ಕರಗಿ ಅಂಟಾದ ಒಂದು ಟೇಪ್ ರೆಕಾರ್ಡರ್, ಕೋನು ಹರಿದ ಎರಡು ಸ್ಪೀಕರು, ಬಿಸ್ಕತ್ತಿನ ತಗಡಿನ ಡಬ್ಬಿ ತುಂಬ ಕ್ಯಾಸೆಟ್ಟು. ಇದನ್ನು ಯಾರೂ ಬರೆದಿಟ್ಟಂತೆ ಕಾಣೆ. ನಾನು ಚರಿತ್ರೆ ಕಲಿತವನಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಉಪ್ಪನ ದಿನಸಿ ಅಂಗಡಿಯಲ್ಲಿ ಒಂದು ಕಾಲಕ್ಕೆ ಅಕ್ಕಿ ಬೇಳೆಯ ಜೊತೆಗೆ ಬ್ಯಾಟರಿ ಸೆಲ್ಲು, ಖಾಲಿ ಕ್ಯಾಸೆಟ್ಟು ಕೂಡ ಮಾರಾಟಕ್ಕಿತ್ತು. ಅಷ್ಟೇ ನನ್ನ ಅರ್ಹತೆ.

ಮೊದಲು ಬಂದದ್ದು ರೇಡಿಯೋ. ಕೋಝಿಕ್ಕೋಡು ಆಕಾಶವಾಣಿ 1950ರಲ್ಲಿ ಶುರುವಾಯಿತು, ಮಂಗಳೂರಿನದು 1976ರಲ್ಲಿ. 1956ರ ನವೆಂಬರ್ 1ರಂದು ರಾಜ್ಯ ಬದಲಾದರೂ ರೇಡಿಯೋದ ಮುಳ್ಳಿಗೆ ಗಡಿ ಇರಲಿಲ್ಲ. ಒಂದು ಕಡೆ ತಿರುಗಿಸಿದರೆ ಮಲಯಾಳ, ಇನ್ನೊಂದು ಕಡೆ ಕನ್ನಡ, ರಾತ್ರಿ ಸಿಲೋನ್‌ನಿಂದ ಹಿಂದಿ ಹಾಡು. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು ಎಂದು ಇವತ್ತಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆದರೆ ಆ ಪೆಟ್ಟಿಗೆಯಲ್ಲಿ ಎಲ್ಲ ಭಾಷೆ ಬಂದರೂ ಮನೆಯೊಳಗೆ ನಾವು ಆಡುವ ಮಾತು ಬರುವುದು ಬಹಳ ಅಪರೂಪ.

ಆ ಕೊರತೆ ತುಂಬಿಸಿದ್ದು ಕ್ಯಾಸೆಟ್ಟು. ಅದನ್ನು ಕಂಡುಹಿಡಿದದ್ದು ಫಿಲಿಪ್ಸ್ ಕಂಪೆನಿ, ಬೆಲ್ಜಿಯಮ್ಮಿನ ಹ್ಯಾಸೆಲ್ಟ್ ಎಂಬ ಊರಿನ ಕಾರ್ಖಾನೆಯಲ್ಲಿ, ಲೂ ಓಟೆನ್ಸ್ ಎಂಬ ಎಂಜಿನಿಯರನ ತಂಡ. ಕೋಟಿನ ಜೇಬಿಗೆ ಹಿಡಿಯುವಂತಿರಬೇಕು ಎಂದು ಆತ ಮೊದಲು ಒಂದು ಮರದ ತುಂಡು ಮಾಡಿಸಿ ಜೇಬಿನಲ್ಲಿ ಹಾಕಿ ನೋಡಿದನಂತೆ. 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಿದರು. ಆಮೇಲೆ ಫಿಲಿಪ್ಸ್‌ನವರು ಅದರ ಪೇಟೆಂಟಿಗೆ ದುಡ್ಡು ಕೇಳದೆ ಬೇರೆ ಕಂಪೆನಿಗಳಿಗೂ ಬಿಟ್ಟುಕೊಟ್ಟರು. ಜಪಾನಿನವರು ಹಾಗಾಗಿ ಕೈಹಾಕಿದರು. ಅವರು ಮಾಡಿದ ನ್ಯಾಷನಲ್ ಪ್ಯಾನಸೋನಿಕ್, ಶಾರ್ಪ್, ಸಾನ್ಯೋ ಸೆಟ್ಟುಗಳು ದುಬೈ, ದಮ್ಮಾಮ್, ದೋಹಾದ ಅಂಗಡಿಗಳಲ್ಲಿ ರಾಶಿ ಬಿದ್ದವು. 1973ರ ಕೊನೆಗೆ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿನ ಹತ್ತಿರ ಏರಿತು, ಗಲ್ಫಿನಲ್ಲಿ ಕೆಲಸ ಹೆಚ್ಚಿತು, ನಮ್ಮ ಹುಡುಗರು ಮುಂಬಯಿಗೆ ಹೋಗಿ ಹಡಗು ಹತ್ತಿದರು. ‘ದ್ವಾರಕಾ’ ಎಂಬ ಹಡಗು 1982ರವರೆಗೂ ಆ ದಾರಿಯಲ್ಲಿ ಓಡಾಡುತ್ತಿತ್ತು. ಮೊದಲ ರಜೆಗೆ ಊರಿಗೆ ಬರುವಾಗ ಹೆಗಲಿಗೆ ಟೂ-ಇನ್-ವನ್ ಇಲ್ಲದಿದ್ದರೆ ‘ಇವನು ಅಲ್ಲಿ ಏನು ಮಾಡಿದ’ ಎಂದು ಕೇಳುವ ಕಾಲ.

ಆ ಟೂ-ಇನ್-ವನ್ ಹಾಡಿಗಾಗಿ ಬಂದದ್ದು ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಮೊದಲು ಬಂದದ್ದು ಕಾಗದದ ಬದಲಿಗೆ. ಬ್ಯಾರಿಯಲ್ಲಿ ಕಾಗದ ಬರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಗಂಡ ಕನ್ನಡದಲ್ಲೋ ಮಲಯಾಳದಲ್ಲೋ ಅರಬಿ-ಮಲಯಾಳದಲ್ಲೋ ಬರೆಯಬೇಕು, ಹೆಂಡತಿಗೆ ಓದು ಬಾರದಿದ್ದರೆ ನೆರೆಮನೆಯ ಹುಡುಗ ಓದಿ ಹೇಳಬೇಕು, ಉತ್ತರವನ್ನೂ ಅವನೇ ಬರೆಯಬೇಕು. ಮೂರನೆಯವನ ಬಾಯಲ್ಲಿ ಹೋಗುವ ಕಾಗದದಲ್ಲಿ ಎಷ್ಟು ಹೇಳಲಿಕ್ಕಾಗುತ್ತದೆ? ಕ್ಯಾಸೆಟ್ಟು ಬಂದ ಮೇಲೆ ಆ ಮೂರನೆಯವನು ಬೇಡವಾದ. ರೂಮಿನ ಮಂಚದಲ್ಲಿ ಕೂತು ಎರಡು ಬಟನ್ ಒಟ್ಟಿಗೆ ಒತ್ತಿ ಬ್ಯಾರಿಯಲ್ಲೇ ಅರ್ಧ ಗಂಟೆ ಮಾತಾಡಬಹುದು. ಊರಿಗೆ ಹೋಗುವವರ ಕೈಯಲ್ಲಿ ಅದನ್ನು ಕಳಿಸುವುದು. ಎಸ್. ಎ. ಜಮೀಲ್ ಅವರ ‘ದುಬೈ ಕತ್ತ್ ಪಾಟ್ಟ್’ ಕ್ಯಾಸೆಟ್ಟು ಆಗ ಮಲಬಾರಿನಲ್ಲಿ ಮನೆಮನೆಗೆ ಹೋದದ್ದು ಸುಮ್ಮನೆ ಅಲ್ಲ. ಅದು ದುಬೈಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ಹಾಡು. ಗಂಡನ ಉತ್ತರದ ಹಾಡನ್ನೂ ಅವರೇ ಆಮೇಲೆ ಹಾಡಿದರು.

ಇನ್ನು ಸ್ವರದ ವಿಷಯಕ್ಕೆ ಬರುತ್ತೇನೆ. ಗಂಡಸಿನ ಮಾತಿನ ಮೂಲ ಸ್ವರ ಸುಮಾರು 100ರಿಂದ 120 ಹರ್ಟ್ಸ್. ಚಿಕ್ಕ ಟೇಪ್ ರೆಕಾರ್ಡರಿನ ಮೂರು ನಾಲ್ಕು ಇಂಚಿನ ಸ್ಪೀಕರು 200ರ ಕೆಳಗೆ ಹೋಗುವಾಗಲೇ ಸೋಲುತ್ತದೆ. ಹಾಗಾದರೆ ಗಂಡಸಿನ ಸ್ವರ ಕೇಳಿಸುವುದಾದರೂ ಹೇಗೆ? ಮೂಲ ಸ್ವರದ ಮೇಲೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳೂ ಇರುತ್ತವೆ. ಅವುಗಳನ್ನು ಕೇಳಿ ಕೆಳಗಿನದನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಫೋನಿನಲ್ಲೂ ಇದೇ ನಡೆಯುವುದು. ಹಳೇ ಫೋನಿನ ಲೈನು 300 ಹರ್ಟ್ಸ್‌ನ ಕೆಳಗಿನದನ್ನು ಕಳಿಸುವುದೇ ಇಲ್ಲ. ಇಂಥವರ ಸ್ವರ ಎಂದು ಗುರುತು ಸಿಗುತ್ತದೆ, ಆದರೆ ಆ ಸ್ವರಕ್ಕೆ ಎದೆ ಇರುವುದಿಲ್ಲ. ಸಾವಿರಾರು ಮೈಲು ದೂರದಿಂದ ಬಂದ ಗಂಡನ ಮಾತು ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿತ್ತು.

ಆದ್ದರಿಂದ ಸ್ವರ ‘ತುಂಬಿ’ ಬರುವಂತೆ ಮಾಡುವುದು ನಮ್ಮಲ್ಲಿ ಶೋಕಿಗಾಗಿ ಮಾತ್ರ ಶುರುವಾದದ್ದಲ್ಲ. ಹಾಗೆ ಮಾಡಲಿಕ್ಕೆ ಕೈಯಲ್ಲಿ ಏನಿತ್ತು? ಒಂದು ಹೊಸ ಸ್ಪೀಕರು, ಎರಡು ಗಜ ವೈರು, ಅಡುಗೆಕೋಣೆಯ ಒಂದು ಮಣ್ಣಿನ ಮಡಕೆ. ಸ್ಪೀಕರನ್ನು ಮಡಕೆಯ ಬಾಯಿಗೆ ಕವುಚಿ ಇಡುವುದು ಅಥವಾ ಮೇಲ್ಮುಖವಾಗಿ ಕೂರಿಸಿ ಸುತ್ತ ಹಿಟ್ಟಿನ ಅಂಟು ಹಚ್ಚುವುದು. ಈಗ ನೆನೆಸಿದರೆ ನಗು ಬರಬಹುದು. ಆದರೆ ಇದರಲ್ಲಿ ತಪ್ಪೇನೂ ಇಲ್ಲ. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ತೆರೆದಿಟ್ಟ ಸ್ಪೀಕರಿನಲ್ಲಿ ಹಿಂದಿನದು ಸುತ್ತಿ ಬಂದು ಮುಂದಿನದನ್ನು ಕೊಲ್ಲುತ್ತದೆ. 50 ಹರ್ಟ್ಸ್‌ನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ, ಅಂಗೈಯಷ್ಟು ಅಗಲದ ಸ್ಪೀಕರು ಅದನ್ನು ತಡೆಯುವುದು ಹೇಗೆ? ಹಿಂಬದಿಯನ್ನು ಮುಚ್ಚಿಬಿಟ್ಟರೆ ಈ ಜಗಳ ನಿಲ್ಲುತ್ತದೆ, ಬೇಸ್ ಬರುತ್ತದೆ. ಸ್ಪೀಕರು ಅದೇ, ಕರೆಂಟು ಅಷ್ಟೇ.

ಇದೇ ಕೆಲಸವನ್ನು ಅಮೆರಿಕದಲ್ಲಿ ದೊಡ್ಡ ದೊಡ್ಡವರು ಮಾಡಿದ್ದಾರೆ. ಈಗಿನ ರೀತಿಯ ಸುರುಳಿ-ಕೋನಿನ ಸ್ಪೀಕರನ್ನು ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಲೋಕಕ್ಕೆ ತೋರಿಸಿದರು. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥೂರಸ್ 1930ರಲ್ಲಿ ಬಾಕ್ಸಿಗೆ ಲೆಕ್ಕ ಹಾಕಿ ಒಂದು ತೂತು ಇಡುವ ಪೇಟೆಂಟಿಗೆ ಅರ್ಜಿ ಹಾಕಿದ. ಹಿಂದಿನ ಗಾಳಿಯನ್ನು ಕೊಲ್ಲದೆ ಅದರಿಂದಲೇ ಕೆಲಸ ತೆಗೆಯುವ ಉಪಾಯ ಅದು. ಇವತ್ತು ಎಲ್ಲ ಸ್ಪೀಕರ್ ಬಾಕ್ಸಿನ ಹಿಂದೆಯೋ ಮುಂದೆಯೋ ಕಾಣುವ ಕೊಳವೆ ಅದರ ಸಂತಾನ. 1954ರಲ್ಲಿ ಎಡ್ಗರ್ ವಿಲ್ಚರ್ ಬೇರೆ ದಾರಿ ಹಿಡಿದ. ಬಾಕ್ಸನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವಂತೆ ಮಾಡಿದ. ಅಲ್ಲಿಯವರೆಗೆ ಒಳ್ಳೆಯ ಬೇಸಿಗೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಅವನ ಎಆರ್-1 ಪುಸ್ತಕದ ಶೆಲ್ಫಿನಲ್ಲಿ ಕೂತಿತು. ಮೆಕ್ಯಾನಿಕಲ್ ಓದಿದವನಿಗೆ ಇದು ಬಹಳ ಇಷ್ಟವಾಗುವ ಕಥೆ, ಯಾಕೆಂದರೆ ಇದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಇರುವುದು ತೂಕ, ಸ್ಪ್ರಿಂಗು, ಗಾಳಿ.

ಮಡಕೆಗೂ ಒಂದು ದೋಷವಿದೆ. ಅದು ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತದೆ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುವ ಹಾಗೆ. ಬಾಯಿ ಸಣ್ಣದಾದ ಪಾತ್ರೆಗಳ ಈ ಗುಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಹಾಗಾಗಿ ದಫ್ಫಿನ ಹಾಡು ಹಾಕಿದರೆ ಎಲ್ಲ ಪೆಟ್ಟೂ ‘ಬೂಂ’ ಎಂದೇ ಕೇಳುತ್ತದೆ. ಅಷ್ಟಾಗುವಾಗ ಆಚಾರಿಯ ಹತ್ತಿರ ಹಲಸಿನ ಹಲಗೆಯದೋ ಪ್ಲೈವುಡ್ಡಿನದೋ ಬಾಕ್ಸು ಮಾಡಿಸುವುದು, ಹೊರಗೆ ಕಪ್ಪು ರೆಕ್ಸಿನ್, ಒಳಗೆ ಹಳೇ ಹಾಸಿಗೆಯ ಹತ್ತಿ. ಮಣ್ಣಿನಿಂದ ಮರಕ್ಕೆ ಹೋದ ಈ ಹಂತ ನಮ್ಮ ಮನೆಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸಿಕ್ಕಿದ ಹಂತ ಎಂಬುದು ನನ್ನ ಅಭಿಪ್ರಾಯ.

ನಡುವೆ ಒಂದು ಮಾತು. ಸೌದಿಯಲ್ಲಿ ಆಗ ಮನೆಗಳಿಗೆ 127 ವೋಲ್ಟಿನ ಕರೆಂಟಿತ್ತು, ನಮ್ಮಲ್ಲಿ 230. ಸೆಟ್ಟಿನ ಹಿಂದಿನ ಚಿಕ್ಕ ಸ್ವಿಚ್ಚನ್ನು ತಿರುಗಿಸದೆ ಪ್ಲಗ್ ಹಾಕಿದರೆ ಗಲ್ಫಿನ ಎರಡು ವರ್ಷದ ದುಡಿಮೆ ಒಂದು ಹೊಗೆಯಲ್ಲಿ ಮುಗಿಯಿತು. ಉಪ್ಪಳದಲ್ಲಿ ರಿಪೇರಿಯವರಿಗೆ ಇದರಿಂದಲೇ ಎಷ್ಟೋ ಕೆಲಸ ಸಿಕ್ಕಿತ್ತು ಎಂದು ಉಪ್ಪ ಹೇಳುವುದುಂಟು.

ಎಂಬತ್ತರ ದಶಕ ಮುಗಿಯುವಾಗ ವ್ಯಾಟಿನ ಹುಚ್ಚು ಬಂತು. ಸಾನ್ಯೋದ ಎಲ್‌ಎ4440 ಎಂಬ ಐಸಿ ಎಲ್ಲ ರಿಪೇರಿ ಅಂಗಡಿಯ ದೇವರಾಯಿತು. ಕಾರಿನ ಸ್ಟೀರಿಯೋಗೆಂದು ಮಾಡಿದ ಐಸಿ, 12 ವೋಲ್ಟಿನಲ್ಲಿ ಓಡುತ್ತದೆ. ಸ್ಟೀರಿಯೋ ಆದರೆ ಕಡೆಗೆ 6 ವ್ಯಾಟ್, ಎರಡನ್ನೂ ಸೇರಿಸಿದರೆ ಸುಮಾರು 19. ಒಳ್ಳೆಯ ವಸ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಮಾರುವವರು ಪೆಟ್ಟಿಗೆಯ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂದು ಅಂಟಿಸಿದರು. ಪಿಎಂಪಿಒ ಎಂಬ ಅಳತೆಗೆ ಯಾವ ಕಾನೂನೂ ಇಲ್ಲ, ಬರೆದವನ ಧೈರ್ಯವೇ ಅಳತೆ. ಸೆಟ್ಟಿನ ಹಿಂದೆ ಕರೆಂಟು ಎಷ್ಟು ತಿನ್ನುತ್ತದೆ ಎಂದು ಬರೆದಿರುತ್ತದೆ, 40 ವ್ಯಾಟ್ ಎಂದೋ 50 ಎಂದೋ. ತಿಂದದ್ದಕ್ಕಿಂತ ಹೆಚ್ಚು ಕೆಲಸ ಯಾವ ಯಂತ್ರವೂ ನಿರಂತರ ಮಾಡುವುದಿಲ್ಲ. ಕಿವಿಯ ಲೆಕ್ಕ ಇನ್ನೂ ವಿಚಿತ್ರ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್, ಸ್ವಲ್ಪ ಜೋರಾಯಿತು ಎನ್ನುವಷ್ಟು. ಶಬ್ದ ಎರಡರಷ್ಟಾಯಿತು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದೇ ಸ್ಪೀಕರ್ ಬಾಕ್ಸನ್ನು ಕೋಣೆಯ ನಡುವಿನಿಂದ ಎತ್ತಿ ಗೋಡೆಗೆ ಒರಗಿಸಿದರೆ ಕೆಳಗಿನ ಸ್ವರಗಳಲ್ಲಿ 6 ಡೆಸಿಬೆಲ್‌ವರೆಗೆ ಸಿಗುತ್ತದೆ. ನಾಲ್ಕು ಪಟ್ಟು ದೊಡ್ಡ ಆಂಪ್ಲಿಫಯರ್ ಕೊಂಡ ಹಾಗೆ, ಬಿಟ್ಟಿ. ಮೂಲೆಗೆ ತಳ್ಳಿದರೆ ಇನ್ನಷ್ಟು. ಅಜ್ಜಿಯಂದಿರು ‘ದಾರಿಗೆ ಅಡ್ಡ’ ಎಂದು ಬೈದು ಮೂಲೆಗೆ ಸರಿಸಿದ ಸ್ಪೀಕರುಗಳು ಚೆನ್ನಾಗಿ ಹಾಡಿದ್ದಕ್ಕೆ ಕಾರಣ ಇದು!

ಆ ಕಾಲದ ಇನ್ನೊಂದು ಚಾಳಿ ಒಂದೇ ಆಂಪ್ಲಿಗೆ ನಾಲ್ಕೈದು ಸ್ಪೀಕರು ಜೋಡಿಸುವುದು. ಮದುವೆ ಮನೆಯಲ್ಲಿ ಮೈಲಾಂಜಿಯ ರಾತ್ರಿ ಚಪ್ಪರಕ್ಕೊಂದು, ಜಗಲಿಗೊಂದು, ಒಳಗೆ ಹೆಂಗಸರಿಗೊಂದು. ಎಂಟು ಓಮಿನ ಎರಡು ಸ್ಪೀಕರು ಅಕ್ಕಪಕ್ಕ ಜೋಡಿಸಿದರೆ ನಾಲ್ಕು ಓಮು, ನಾಲ್ಕಾದರೆ ಎರಡು. ಐಸಿ ಸುಡುತ್ತದೆ, ಒಪ್ಪನೆ ಹಾಡು ನಡುವಿನಲ್ಲಿ ನಿಲ್ಲುತ್ತದೆ. ಪ್ಲಸ್ಸು ಮೈನಸ್ಸು ನೋಡದೆ ಜೋಡಿಸಿದರೆ ಒಂದು ಸ್ಪೀಕರು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಮಾಯ. ಆಗ ಜನ ಮಾಡುವುದು ಇನ್ನೂ ದೊಡ್ಡ ವೂಫರ್ ಕೊಳ್ಳುವುದು. ಒಂದೂವರೆ ವೋಲ್ಟಿನ ಸೆಲ್ಲು ಸಾಕು ಇದನ್ನು ಕಂಡುಹಿಡಿಯಲಿಕ್ಕೆ. ಸೆಲ್ಲಿನ ಪ್ಲಸ್ಸನ್ನು ಒಂದು ಕಡ್ಡಿಗೆ, ಮೈನಸ್ಸನ್ನು ಇನ್ನೊಂದಕ್ಕೆ ಕ್ಷಣ ಮುಟ್ಟಿಸಿ. ಕೋನು ಹೊರಗೆ ಬಂದರೆ ಪ್ಲಸ್ಸು ಮುಟ್ಟಿದ ಕಡ್ಡಿಯೇ ಪ್ಲಸ್ಸು. ಎರಡೂ ಬಾಕ್ಸಿಗೆ ಗುರುತು ಹಾಕಿ ಒಂದೇ ಥರ ಜೋಡಿಸಿದರೆ ಆಯಿತು.

ಅಷ್ಟರಲ್ಲಿ ಮನೆಯೇ ಬದಲಾಯಿತು. ಗಲ್ಫಿನ ದುಡ್ಡಿನಲ್ಲಿ ಹೆಂಚಿನ ಮನೆ ಹೋಗಿ ಟೆರೇಸು ಬಂತು, ಸೆಗಣಿ ಸಾರಿಸಿದ ನೆಲ ಹೋಗಿ ಮೊಸಾಯಿಕ್ಕು, ಆಮೇಲೆ ಗ್ರಾನೈಟು, ಟೈಲ್ಸು. ಮಂಗಳೂರು ಹೆಂಚಿನ ಮಾಡಿನಲ್ಲಿ ಸಂದುಗಳಿದ್ದವು, ಮರದ ಅಟ್ಟವಿತ್ತು, ಶಬ್ದ ಅಲ್ಲೇ ಸೋರಿ ಹೋಗುತ್ತಿತ್ತು. ಹೊಸ ಹಾಲಿನಲ್ಲಿ ಆರು ಕಡೆಯೂ ಕಲ್ಲು. ಅದೇ ಸೆಟ್ಟು ಹಾಕಿದರೆ ಮಾತೆಲ್ಲ ಕಲಸಿಹೋಗುತ್ತದೆ. ದುಬಾರಿ ಹೋಂ ಥಿಯೇಟರ್ ತಂದವರು ‘ಸ್ವರ ಸರಿ ಇಲ್ಲ, ಮೋಸ ಮಾಡಿದ’ ಎಂದು ಅಂಗಡಿಯವನನ್ನು ಬೈದದ್ದು ನಾನೇ ಕೇಳಿದ್ದೇನೆ. ಬೈಯಬೇಕಾದದ್ದು ನೆಲವನ್ನು.

ಇದಕ್ಕೂ ಒಂದು ಚರಿತ್ರೆ ಇದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯಲ್ಲಿ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಸಾಯಲಿಕ್ಕೆ ಐದೂವರೆ ಸೆಕೆಂಡಿನಷ್ಟು ಹಿಡಿಯುತ್ತಿತ್ತು. ಸರಿಪಡಿಸಲಿಕ್ಕೆ ವಾಲೆಸ್ ಸಬೀನ್ ಎಂಬ ಎಳೆಯ ಮೇಷ್ಟರಿಗೆ ಹೇಳಿದರು. ಆತ ಹತ್ತಿರದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಕೋಣೆಯಲ್ಲಿ ಇಡುತ್ತ, ಆರ್ಗನ್ನಿನ ಒಂದು ಕೊಳವೆ ಊದಿಸಿ ಗಡಿಯಾರ ಹಿಡಿದು ಅಳೆದ. ಬೆಳಗಾಗುವ ಮೊದಲು ಮೆತ್ತೆಗಳು ವಾಪಸು. ಕೋಣೆಯ ಗಾತ್ರ ಮತ್ತು ಮೆತ್ತಗಿನ ವಸ್ತುಗಳ ಲೆಕ್ಕದಿಂದ ಪ್ರತಿಧ್ವನಿ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವ ಅವನ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. ನಮಗೆ ಬೇಕಾದದ್ದು ಸೂತ್ರ ಅಲ್ಲ, ಮೆತ್ತೆ. ದಪ್ಪ ಜಮಖಾನ ಅಥವಾ ಕಾರ್ಪೆಟ್ಟು, ಕಿಟಕಿಗೆ ದಪ್ಪ ಬಟ್ಟೆಯ ಪರದೆ, ಸ್ಪೀಕರಿನ ಎದುರು ಗೋಡೆಗೆ ತಾಗಿ ಹಾಸಿಗೆ ಮಡಚಿ ಇಟ್ಟ ಮಂಚ. ಹೊಸ ಸೆಟ್ಟಿಗೆ ದುಡ್ಡು ಕೂಡಿಡುವ ಮೊದಲು ಇದನ್ನು ಮಾಡಿ ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ, ಮಾಡುವವರು ಕಡಿಮೆ.

ಈಗ ನನ್ನ ಮನೆಯ ಸೆಟ್ಟು. ಅಟ್ಟದಿಂದ ಇಳಿಸಿದ ಎಂಟು ಇಂಚಿನ ವೂಫರಿನ ಎರಡು ಬಾಕ್ಸು, ಮುಚ್ಚಿದ ಜಾತಿಯದು. ಕೋನಿನ ಸುತ್ತಲಿನ ಫೋಮು ಕಡಲ ಗಾಳಿಗೆ ಪುಡಿಯಾಗಿತ್ತು, ಹೊಸ ರಬ್ಬರ್ ಬಳೆ ತರಿಸಿ ಅಂಟಿಸಿದೆ. ಟ್ವೀಟರಿಗೆ ಹೋಗುವ ದಾರಿಯಲ್ಲಿ 4.7 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರು ಸತ್ತಿತ್ತು, ಅದನ್ನು ಬದಲಿಸಿದೆ. ಎಂಟು ಓಮಿನ ಟ್ವೀಟರಿಗೆ ಅದು ಸುಮಾರು 4200 ಹರ್ಟ್ಸ್‌ನ ಮೇಲಿನದನ್ನು ಮಾತ್ರ ಬಿಡುತ್ತದೆ. ಆಂಪ್ಲಿಗೆ ಟಿಪಿಎ3116 ಐಸಿಯ ಚಿಕ್ಕ ಬೋರ್ಡು, ಅದಕ್ಕೆ ಹಳೇ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರು. ಈ ಜಾತಿಯ ಆಂಪ್ಲಿ ಬಿಸಿಯಾಗಿ ಕರೆಂಟು ಹಾಳುಮಾಡುವುದು ಬಹಳ ಕಡಿಮೆ, ಅಂಗೈಯಷ್ಟು ಜಾಗದಲ್ಲಿ ಕೂರುತ್ತದೆ. ಒಟ್ಟು ಎರಡೂವರೆ ಸಾವಿರದ ಒಳಗೆ ಮುಗಿಯಿತು. ಬಾಕ್ಸು ಗೋಡೆಯಿಂದ ಒಂದು ಗೇಣು ದೂರ, ಮೂಲೆಯಿಂದ ಎರಡು ಮೊಳ. ಮೂಲೆಗೆ ಪೂರ್ತಿ ತಳ್ಳಿದರೆ ಗಂಡಸಿನ ಮಾತು ಮಡಕೆಯೊಳಗೆ ಹೋದ ಹಾಗಾಗುತ್ತದೆ, ಹಾಡಿಗೆ ಅಡ್ಡಿಯಿಲ್ಲ.

ಇದನ್ನು ಮಾಡಿದ್ದು ಒಂದು ಕ್ಯಾಸೆಟ್ಟಿಗಾಗಿ. ಉಪ್ಪನ ತಮ್ಮ ದಮ್ಮಾಮಿನಲ್ಲಿದ್ದವರು, ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಹೋದರು. ಅವರು ಕಳಿಸಿದ ಮೂರು ಕ್ಯಾಸೆಟ್ಟು ನಮ್ಮಲ್ಲಿ ಉಳಿದಿತ್ತು. ಒಂದರ ತುಣುಕನ್ನು ಯಾರೋ ಮೊಬೈಲಿಗೆ ಹಾಕಿ ಅವಳಿಗೆ ಕಳಿಸಿದ್ದರು, ಅವಳು ಅದನ್ನೇ ಕೇಳುತ್ತಿದ್ದಳು. ಮೊಬೈಲಿನ ಸ್ಪೀಕರು ಆ ಹಳೇ ಟೇಪ್ ರೆಕಾರ್ಡರಿಗಿಂತಲೂ ಬಡವ, ಬೆರಳಿನ ಉಗುರಿನಷ್ಟು. ಎಪ್ಪತ್ತರ ದಶಕದ ತಗಡಿನ ಸ್ವರಕ್ಕೇ ನಾವು ಪುನಃ ಬಂದು ನಿಂತಿದ್ದೇವೆ. ಮೊನ್ನೆ ರಂಜಾನ್ ಮುಗಿದ ಮೇಲೆ ಅವಳು ಮಕ್ಕಳ ಜೊತೆ ಬಂದಾಗ ಈ ಸೆಟ್ಟಿನಲ್ಲಿ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ‘ಉಪ್ಪನ ಸ್ವರ ಇಷ್ಟು ದಪ್ಪವಾ ಕಾಕ?’ ಎಂದಳು. ನನ್ನ ಉಮ್ಮ ಒಳಗಿನಿಂದ ‘ದಪ್ಪವೇ, ಅಂಗಳದಲ್ಲಿ ಕೂಗಿದರೆ ತೋಟಕ್ಕೆ ಕೇಳುತ್ತಿತ್ತು’ ಎಂದರು.

ಆದರೆ ಸ್ಪೀಕರಿಗೆ ಎಷ್ಟು ಖರ್ಚು ಮಾಡಿದರೂ ಟೇಪಿನಿಂದ ಬಾರದ್ದು ಸ್ಪೀಕರಿನಿಂದ ಬರುವುದಿಲ್ಲ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಬೆಲ್ಟು ಸಡಿಲವಾದರೆ ಸ್ವರ ಅಳುತ್ತದೆ. ಬೆಲ್ಟು ಹೊಸದು ಹಾಕಿ, ಫ್ಲೈವೀಲಿನ ಶಾಫ್ಟಿಗೆ ಒಂದೇ ಒಂದು ಹನಿ ಎಣ್ಣೆ ಬಿಡಿ, ರಬ್ಬರ್ ರೋಲರಿಗೆ ತಾಗಬಾರದು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಕ್ಯಾಸೆಟ್ಟು ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಂಕಾದ ಮಾತು ಒಮ್ಮೆಗೇ ತಿಳಿಯಾಗುವ ಒಂದು ಜಾಗ ಸಿಗುತ್ತದೆ. ಆ ಜಾಗ ಪ್ರತಿ ಕ್ಯಾಸೆಟ್ಟಿಗೆ ಬೇರೆ, ರೆಕಾರ್ಡು ಮಾಡಿದ ಸೆಟ್ಟಿನ ಹೆಡ್ಡು ಹೇಗಿತ್ತೋ ಹಾಗೆ. ಒಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಒಂದು ಬಟ್ಟೆಯ ತುಂಡಿರುತ್ತದೆ, ಅದು ಬಿದ್ದುಹೋಗಿದ್ದರೆ ಬೇರೆ ಹಾಡಿನ ಕ್ಯಾಸೆಟ್ಟಿನದನ್ನು ತೆಗೆದು ಹಾಕಬಹುದು. ಬೂಸ್ಲು ಹಿಡಿದದ್ದನ್ನು ಓಡಿಸಬೇಡಿ, ಮೊದಲು ಒಣಗಿಸಿ, ಟೇಪನ್ನು ಕೈಯಿಂದ ಮೆಲ್ಲ ಸುತ್ತಿ ಒರೆಸಿ.

ಮಾತಿನ ಕ್ಯಾಸೆಟ್ಟುಗಳು ನಮ್ಮಲ್ಲಿ ಇಷ್ಟು ಕಡಿಮೆ ಉಳಿಯಲಿಕ್ಕೆ ಕಾರಣ ಬೂಸ್ಲು ಮಾತ್ರ ಅಲ್ಲ. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಿತ್ತು. ಗಂಡ ಕಳಿಸಿದ್ದರ ಮೇಲೆಯೇ ಹೆಂಡತಿ ಉತ್ತರ ರೆಕಾರ್ಡ್ ಮಾಡಿ ವಾಪಸು ಕಳಿಸುತ್ತಿದ್ದಳು, ಅವನು ಪುನಃ ಅದರ ಮೇಲೆ. ಕೊನೆಗೆ ಮನೆಯ ಹುಡುಗರು ಅದರ ಮೇಲೆ ಸಿನೆಮಾ ಹಾಡು ತುಂಬಿಸಿದರು. ನಿಮ್ಮ ಅಟ್ಟದಲ್ಲಿ ಹೆಸರು ಬರೆಯದ ಕ್ಯಾಸೆಟ್ಟು ಸಿಕ್ಕಿದರೆ, ಸೆಟ್ಟಿಗೆ ಹಾಕುವ ಮೊದಲು ಅದರ ಮೇಲಂಚಿನಲ್ಲಿ ಎರಡು ತುದಿಗೆ ಇರುವ ಚಿಕ್ಕ ಪ್ಲಾಸ್ಟಿಕ್ ಕಿವಿಗಳನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಆಮೇಲೆ ಯಾರು ಅವಸರದಲ್ಲಿ ಕೆಂಪು ಬಟನ್ ಒತ್ತಿದರೂ ಅದು ಒಳಗೆ ಹೋಗುವುದಿಲ್ಲ.